ಗಾಡಿ ಓಡಿಸುವವರು

ಸ್ವೀಡನ್ನಿನ ಮಾಲ್ಮೋದ ನಮ್ಮ ಕನ್ನಡ ಬಳಗ ಎಲ್ಲಿಗೆ ಹೊರಟರೂ ಗಾಡಿ ಓಡಿಸುವವರು ನಮ್ಮ ಯಜಮಾನರೇ. ಗಂಗಾಧರನಂಥ ಒಳ್ಳೆಯ ಮನುಷ್ಯ ಇನ್ನೊಬ್ಬನಿಲ್ಲ ಎಂದು ಎಲ್ಲರೂ ಹೊಗಳುತ್ತಾರೆ. ಈ ದೇಶದಲ್ಲಿ ಸ್ಟಿಯರಿಂಗ್ ಹಿಡಿಯುವವನ ಮುಂದೆ ಯಾರೂ ಗ್ಲಾಸು ಇಡುವುದಿಲ್ಲ, ಒಂದು ಗುಟುಕು ಹಾಕು ಎಂದು ಜುಲುಮೆ ಮಾಡುವುದೂ ಇಲ್ಲ. ಇವರಿಗೆ ಬೇಕಾಗಿದ್ದದ್ದು ಅದೇ. ಬೆಂಗಳೂರಿನಲ್ಲಿ ಕುಡಿತ ಬಿಡಿಸುವ ಕೇಂದ್ರಕ್ಕೆ ಇವರನ್ನು ಸೇರಿಸಿ, ಹೊರಗೆ ಬೆಂಚಿನ ಮೇಲೆ ಕೂತು ಅತ್ತವಳು ನಾನು. ಇಲ್ಲಿಗೆ ಬಂದ ಮೇಲೆ ಇವರು ಒಂದು ಹನಿ ಮುಟ್ಟಿಲ್ಲ. ಆ ಕಥೆ ಇಲ್ಲಿ ಯಾರಿಗೂ ಗೊತ್ತಾಗಕೂಡದೆಂದು ಹಟ ಹಿಡಿದವಳೂ ನಾನೇ.

ಆದರೂ ಸಂಜೆ ಇವರು ಮನೆಗೆ ಬಂದೊಡನೆ ಕಾಲರ್ ಸರಿಮಾಡುವ ನೆಪದಲ್ಲಿ ಹತ್ತಿರ ಹೋಗಿ ಉಸಿರು ಮೂಸುತ್ತೇನೆ. ಇವರಿಗೆ ಅದು ಗೊತ್ತು. ಸುಮ್ಮನೆ ನಿಂತುಕೊಳ್ಳುತ್ತಾರೆ.

ಸೆಪ್ಟೆಂಬರಿನಲ್ಲಿ ನಮ್ಮ ಬಳಗದ ವಿಕ್ಟರ್‌ಗೆ ವೈನ್ ತೋಟಗಳ ಹುಚ್ಚು ಹತ್ತಿತು. ಮಂಗಳೂರಿನವನು, ಕ್ರಿಸ್‌ಮಸ್‌ಗೆ ಅಮ್ಮ ಮನೆಯಲ್ಲೇ ದ್ರಾಕ್ಷಿ ವೈನ್ ಹಾಕುವುದನ್ನು ನೋಡಿ ಬೆಳೆದವನು. ನಮ್ಮ ಸುತ್ತಲಿನ ಸ್ಕೋನೆ ಪ್ರಾಂತ್ಯದ ಹಳ್ಳಿಗಳಲ್ಲೂ ಈಗ ದ್ರಾಕ್ಷಿ ಬೆಳೆಯುತ್ತಾರೆ, ಒಂದು ದಿನ ರುಚಿ ನೋಡಿ ಬರೋಣ ಎಂದ. ನಾಲ್ಕು ಜೋಡಿಗೆ ಒಂದು ಬಾಡಿಗೆ ವ್ಯಾನು. ಡ್ರೈವರ್ ಯಾರೆಂದು ಕೇಳುವ ಪ್ರಮೇಯವೇ ಬರಲಿಲ್ಲ. ಬೇಡ ಅಂದರೆ ಬೇಡ ಎಂದು ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ. ಕೀ ನನ್ನ ಕೈಯಲ್ಲಿರುವಾಗ ನಿನಗೇನು ಭಯ ಎಂದರು ಇವರು.

ಮೊದಲ ತೋಟ ಸುಸೂತ್ರವಾಗಿ ಮುಗಿಯಿತು. ವೈನನ್ನು ಬಾಯಲ್ಲಿ ಆಡಿಸಿ ಪಾತ್ರೆಗೆ ಉಗಿಯಬಹುದು ಎಂದು ಅಲ್ಲಿನವರು ಹೇಳಿಕೊಟ್ಟರು. ದುಡ್ಡು ಕೊಟ್ಟದ್ದನ್ನು ಉಗಿಯುವ ಪೈಕಿ ನಾವಲ್ಲ, ನುಂಗಿದೆವು. ವಿಕ್ಟರ್ ಹಸಿರು ಸೇಬಿನ ಘಮ ಎಂದ. ನನಗೆ ಮಾತ್ರ ಅಚ್ಚ ನೆಲ್ಲಿಕಾಯಿ. ಇವರು ಹೊರಗೆ ಬಳ್ಳಿಗಳ ಸಾಲಿನಲ್ಲಿ ಅಡ್ಡಾಡಿಕೊಂಡಿದ್ದರು.

ಎರಡನೆಯ ತೋಟದ ಅಂಗಳದಲ್ಲಿ ವ್ಯಾನು ನಿಲ್ಲಿಸಿದ ಕೂಡಲೇ ವಿಕ್ಟರನ ಹೆಂಡತಿ ಸೋನಿಯಾ ಇವರ ಕೈಯಿಂದ ಕೀ ಕಸಿದುಕೊಂಡಳು. ಮೊದಲ ತೋಟದಲ್ಲಿ ಅವಳು ಬೇಕೆಂದೇ ಗ್ಲಾಸು ಮುಟ್ಟಿರಲಿಲ್ಲವಂತೆ. ಯಾವಾಗಲೂ ಅಣ್ಣನೇ ಓಡಿಸುವುದು, ಇವತ್ತು ಅಣ್ಣ ಆರಾಮಾಗಿ ಕುಡಿಯಲಿ, ವಾಪಸ್ ನಾನು ಓಡಿಸುತ್ತೇನೆ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹುಡುಗಿಯ ಒಳ್ಳೆಯತನಕ್ಕೆ ನನ್ನ ಮೈಯೆಲ್ಲ ಉರಿದುಹೋಯಿತು.

ತೋಟದ ಯಜಮಾನಿ ಉದ್ದ ಮೇಜಿನ ಮೇಲಿನ ಗ್ಲಾಸುಗಳಿಗೆ ಸುರಿಯುತ್ತ ಬಂದಳು. ಇವರ ಗ್ಲಾಸಿಗೂ ಸುರಿದಳು. ಇವರು ಅದನ್ನೇ ನೋಡುತ್ತ ಕೂತರು. ಆ ನೋಟ ನನಗೆ ಗೊತ್ತು. ಇವರು ಮಾತ್ರೆ ತಗೊಳ್ಳುತ್ತಿದ್ದಾರೆ ಎಂಬ ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಇವರು ಗ್ಲಾಸನ್ನು ಮೇಜಿನ ನಡುವಿಗೆ ಸರಿಸಿದರು.

“ಸೋನಿಯಾ, ಕೀ ವಾಪಸ್ ಕೊಡಮ್ಮ. ಡ್ರೈವ್ ಮಾಡ್ಬೇಕು ಅಂತ ನಾನು ಕುಡಿಯದೇ ಇರೋದಲ್ಲ. ಕುಡೀಬಾರ್ದು ಅಂತ ಡ್ರೈವ್ ಮಾಡೋದು. ಒಂದ್ಸಲ ಶುರು ಮಾಡಿದ್ರೆ ನಂಗೆ ನಿಲ್ಸಕ್ಕೆ ಬರಲ್ಲ.”

ಮೇಜಿನ ಸುತ್ತ ಎತ್ತಿದ ಗ್ಲಾಸುಗಳು ಕೆಳಗಿಳಿದವು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಾನ ಹೋಯಿತಲ್ಲ ಎಂದು ನಾನು ತಲೆ ತಗ್ಗಿಸಿದೆ. ಸೋನಿಯಾ ಎದ್ದು ಬಂದು, ಕೀಯನ್ನು ಇವರ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದಳು.

“ನನ್ನ ಅಪ್ಪನಿಗೆ ಈ ಮಾತು ಹೇಳ್ಲಿಕ್ಕೆ ಕಡೇವರೆಗೂ ಆಗ್ಲಿಲ್ಲ ಅಣ್ಣ,” ಎಂದಳು.

ವಿಕ್ಟರ್ ಆ ಗ್ಲಾಸನ್ನು ತನ್ನ ಕಡೆಗೆ ಎಳೆದುಕೊಂಡು, ಇವರಿಗೆ ದ್ರಾಕ್ಷಿ ರಸ ತರಿಸಿದ. ಮಾತು ಮತ್ತೆ ಶುರುವಾಯಿತು. ಹೋಯಿತೆಂದುಕೊಂಡ ಮಾನ ಎಲ್ಲಿಗೂ ಹೋದಂತೆ ನನಗೆ ಕಾಣಲಿಲ್ಲ.

ಹೊರಡುವಾಗ ಎಲ್ಲರಿಗಿಂತ ಮೊದಲು ನಾವಿಬ್ಬರೂ ವ್ಯಾನು ಹತ್ತಿದೆವು. ಬೆಲ್ಟ್ ಹಾಕುವ ಮುಂಚೆ ಇವರು ದಿನದಂತೆ ಮುಖವನ್ನು ನನ್ನ ಹತ್ತಿರ ತಂದರು. ನಾನು ಕಾಲರ್ ಸರಿಮಾಡಿದೆ. ಅದು ನಿಜವಾಗಿಯೂ ಮಡಚಿಕೊಂಡಿತ್ತು.

“ಇವತ್ತು ಚೆಕಿಂಗ್ ಇಲ್ವಾ?”

“ಇಲ್ಲ ರೀ. ಇನ್ಮೇಲೂ ಇಲ್ಲ.”

ಇವರು ಹತ್ತಿರವೇ ಇದ್ದು ಒಮ್ಮೆ ಉಸಿರೆಳೆದುಕೊಂಡರು. ನಿನ್ನ ಬಾಯಿ ನೆಲ್ಲಿಕಾಯಿ ವಾಸನೆ ಎಂದು ನಕ್ಕು ಗಾಡಿ ಸ್ಟಾರ್ಟ್ ಮಾಡಿದರು.