ಸರಕಿನ ಮಾತು

ಸೊಸೆ ಮನೆಗೆ ಬಂದು ವರ್ಷವಾಗುತ್ತ ಬಂದಿದ್ದರೂ ಅವಳೂ ನಾನೂ ಮಾತಾಡಿದ್ದು ಇಲ್ಲವೆಂದೇ ಹೇಳಬೇಕು. ಜಗಳವೇನೂ ಇರಲಿಲ್ಲ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು, ಅಷ್ಟೇ. ಎದುರಾದರೆ ನಗುತ್ತಿದ್ದೆವು. ನನ್ನ ಹೆಂಡತಿ ಮಾತ್ರ ಕೈ, ಕಣ್ಣು, ಸೌಟು ಎಲ್ಲವನ್ನೂ ಆಡಿಸಿ ಅವಳೊಂದಿಗೆ ದಿನವಿಡೀ ಹರಟುತ್ತಿದ್ದಳು. ನನಗೆ ಆ ವಿದ್ಯೆ ಇಲ್ಲ. ಮೊದಲೇ ನಾನು ಮಾತಿಗೆ ಜಿಪುಣ.

ಸೊಸೆ ನೇಯ್ಗೆಯವಳು. ಅವಳ ಮಗ್ಗ ತವರಿನಲ್ಲೇ ಉಳಿದಿತ್ತು. ತಿಂಗಳಲ್ಲಿ ಅರ್ಧ ಅಲ್ಲಿ ನೇಯುವುದು, ಅರ್ಧ ಇಲ್ಲಿರುವುದು. ಅವಳು ಹೊರಟ ದಿನ ಮಗನ ಮುಖ ನೋಡಲಾಗುತ್ತಿರಲಿಲ್ಲ. ಅಡಿಗೆಮನೆಯಲ್ಲಿ ಪಾತ್ರೆ ಕುಕ್ಕುವ ಸದ್ದೂ ಜೋರಾಗುತ್ತಿತ್ತು. ಕೊನೆಗೆ ಮಗ್ಗವನ್ನೇ ಇಲ್ಲಿಗೆ ತರಿಸುವುದೆಂದು ತೀರ್ಮಾನವಾಯಿತು. ಮಹಡಿಯ ಕೋಣೆ ದೊಡ್ಡದು, ಒಳ್ಳೆಯ ಬೆಳಕಿನದು. ಕೆಳಗೆ ಮಗನ ಹೊಲಿಗೆ ಅಂಗಡಿ, ಅಡಿಗೆಮನೆ, ನಮ್ಮ ಮಂಚ. ಒಂದು ಮಣೆ ಹಾಕುವಷ್ಟೂ ಜಾಗವಿಲ್ಲ.

ಒಂದು ಬೆಳಿಗ್ಗೆ ವ್ಯಾನು ಬಂತು, ಮಗ್ಗ ಇಳಿಯಿತು. ನೋಡಿದರೆ ಚೌಕಟ್ಟು ಇಡಿಯಾಗಿಯೇ ಇದೆ. ಅವಳ ಅಜ್ಜ ಮಾಡಿದ್ದಂತೆ. ಮರಕ್ಕೆ ಮರ ಕಚ್ಚಿ ಕೂತಿದೆ, ಬಿಚ್ಚಲು ಹೋದರೆ ಸೀಳುತ್ತದೆ. ನಮ್ಮ ಮೆಟ್ಟಿಲು ನಡುವೆ ತಿರುಗುತ್ತದೆ. ಮಗ, ವ್ಯಾನಿನವನು, ನಾನು ಸೇರಿ ಆ ತಿರುವಿನಲ್ಲಿ ಅದನ್ನು ನಿಲ್ಲಿಸಿದೆವು, ಮಲಗಿಸಿದೆವು, ಓರೆ ಮಾಡಿದೆವು. ಊಹೂಂ.

ವ್ಯಾನಿನವನು ಬೆವರು ಒರೆಸಿಕೊಂಡ. "ಯಜಮಾನ್ರೇ, ಇದು ಮೆಟ್ಲು ಹತ್ತೋ ಗಿರಾಕಿ ಅಲ್ಲ. ವಾಪಸ್ ತಗೊಂಡ್ಹೋಗ್ತೀನಿ ಬಿಡಿ. ಅಕ್ಕನೂ ಬರೋದಾದ್ರೆ ಮುಂದೆ ಸೀಟಿದೆ."

ಮಗ ಅದನ್ನು ಸೊಸೆಗೆ ತಿಳಿಸಿದ. ಅವಳು ಮಗ್ಗದ ಕಾಲು ಹಿಡಿದುಕೊಂಡು ಮೆಲ್ಲಗೆ ಏನೋ ಹೇಳಿದಳು.

"ಏನಂತೋ?" ಎಂದಳು ನನ್ನ ಹೆಂಡತಿ.

"ಕೆಲಸ ಒಪ್ಕೊಂಡಾಗಿದೆಯಂತೆ. ಮಗ್ಗ ವಾಪಸ್ ಹೋದ್ರೆ ಅವಳೂ ಅದರ ಜೊತೆ ಹೋಗ್ತಾಳಂತೆ. ಈ ಸಲ ಬೇಗ ಬರೋಕಾಗಲ್ವಂತೆ."

"ಅದ್ಹೇಗೆ ಹೋಗ್ತಾಳೋ ನಾನೂ ನೋಡ್ತೀನಿ! ರೀ, ಹಡಗಿಂದ ಮನೆಯಷ್ಟು ದೊಡ್ಡ ಪೆಟ್ಟಿಗೆ ಇಳಿಸ್ತಿದ್ದೆ ಅಂತಿದ್ರಲ್ಲ, ಈಗ ಗೋಡೆ ನೋಡ್ತಾ ನಿಂತ್ರೆ ಆಯ್ತಾ?"

ನಾನು ಗೋಡೆಯನ್ನು ನೋಡುತ್ತಿದ್ದುದು ಸುಮ್ಮನೆ ಅಲ್ಲ. ಮಹಡಿಯ ಕೋಣೆಯ ಅಗಲ ಬಾಗಿಲಿನ ಮುಂದೆ ಬಾಲ್ಕನಿಯ ಕಟಕಟೆ, ಅದರ ಮೇಲೆ ಸೂರಿನಿಂದ ಹೊರಚಾಚಿದ ಕಬ್ಬಿಣದ ತೊಲೆ. ಪಕ್ಕದ ಮನೆಯ ಪೇಂಟರ್ ಹತ್ತಿರ ರಾಟೆ, ಹಗ್ಗ ಎರಡೂ ಇವೆ. ಅವನನ್ನು ಬೀದಿಯವರೆಲ್ಲ ಏಣಿ ಎಂದೇ ಕರೆಯುವುದು. ಆಸಾಮಿ ಅಷ್ಟು ಉದ್ದ.

ಏಣಿ ಬಂದು ತೊಲೆಗೆ ರಾಟೆ ಕಟ್ಟಿದ. ದೊಡ್ಡ ಹಗ್ಗ ಎಳೆಯಲು ಅವನು, ಮಗ, ವ್ಯಾನಿನವನು. ಮಗ್ಗ ಗೋಡೆಗೆ ಬಡಿಯದಂತೆ ಅದರ ಕಾಲಿಗೆ ಇನ್ನೊಂದು ಹಗ್ಗ ಕಟ್ಟಿ, ಅಂಗಳದಲ್ಲಿ ನಿಂತು ಆಚೆಗೆ ಜಗ್ಗಿ ಹಿಡಿಯಲು ನಾನು. ಬಾಲ್ಕನಿಯಲ್ಲಿ ಅತ್ತೆ, ಸೊಸೆ.

ಮಗ್ಗ ನೆಲ ಬಿಟ್ಟಿತೋ ಇಲ್ಲವೋ, ಬೀದಿಗೆ ಬೀದಿಯೇ ಬಾಯಿ ಬಿಟ್ಟಿತು. "ಈ ಕಡೆ ತಗೊಳ್ರೋ!" ಎಂದ ಏಣಿ. "ಅಯ್ಯೋ ಆ ಕಡೆ, ಆ ಕಡೆ!" ಎಂದಳು ನನ್ನ ಹೆಂಡತಿ. ಯಾರ ಈ ಕಡೆ, ಯಾರ ಆ ಕಡೆ? ಸೊಸೆ ಮೇಲಿನಿಂದ ತನ್ನ ಭಾಷೆಯಲ್ಲಿ ಕೂಗಿದಳು. ಮಗ ಅದನ್ನು ಕೇಳಿ, ನಮ್ಮ ಮಾತಿಗೆ ತಿರುಗಿಸಿ ಹೇಳುವಷ್ಟರಲ್ಲಿ ಮಗ್ಗ ಗೋಡೆಗೆ ಗುದ್ದಿ, ಹಿಡಿ ಗಾರೆ ಏಣಿಯ ತಲೆ ಮೇಲೆ ಬಿತ್ತು. ಇಳಿಸಿದೆವು.

"ಇನ್ನೊಂದೇ ಸಲ," ಎಂದ ವ್ಯಾನಿನವನು. "ಆಗ್ಲಿಲ್ವಾ, ನಾನು ಹೊರಟೆ. ದಾರಿ ದೂರ ಇದೆ."

ಬಂದರಿನಲ್ಲಿ ನಾನು ಕ್ರೇನಿನವನಿಗೆ ಕೂಗಿ ಹೇಳುವ ಕೆಲಸದಲ್ಲಿದ್ದೆ. ಅಲ್ಲಿ ಎಲ್ಲೆಲ್ಲಿಂದಲೋ ಬಂದವರು, ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದು. ಎಲ್ಲರಿಗೂ ಸೇರಿ ಒಂದು ಹಿಡಿ ಇಂಗ್ಲಿಷ್ ಇತ್ತು: ಅಪ್, ಡೌನ್, ಇನ್, ಔಟ್, ಓವರ್, ಆಫ್. ಎತ್ತು, ಏರಿಸು, ಮೇಲಕ್ಕೆ ಜಗ್ಗು, ಇನ್ನೂ ಸ್ವಲ್ಪ ಎಳಿ, ಎಲ್ಲಕ್ಕೂ ಒಂದೇ ಅಪ್. ಬಿಚ್ಚು, ಬಿಡು, ಹೊರಡು, ಎಲ್ಲಕ್ಕೂ ಒಂದೇ ಆಫ್. ಯಾವ ಕೆಲಸ ಎಂದು ಹೇಳುವುದೇ ಬೇಡ, ಎತ್ತ ಎಂದರೆ ಸಾಕು. ಉಸಿರು ಕಟ್ಟಿ ಹಗ್ಗ ಹಿಡಿದವನ ಬಾಯಲ್ಲಿ ಅದಕ್ಕಿಂತ ಉದ್ದದ ಮಾತು ಹೊರಡುವುದೂ ಇಲ್ಲ. ಇನ್ನೊಂದು ಕಟ್ಟುನಿಟ್ಟು ಇತ್ತು: ಬಾಯಿ ಒಂದೇ ಇರಬೇಕು, ಸರಕನ್ನು ಹತ್ತಿರದಿಂದ ಕಾಣುವವನದೇ ಆಗಬೇಕು, ತಾನು ನಿಂತ ಕಡೆಯಿಂದಲ್ಲ, ಸರಕು ತೂಗುವ ಕಡೆಯಿಂದ ಮಾತಾಡಬೇಕು.

ಅದು ಸರಕಿನ ಮಾತು, ಮನುಷ್ಯರೊಂದಿಗೆ ಆಡುವುದಲ್ಲ ಎಂದೇ ಇಷ್ಟು ದಿನ ತಿಳಿದಿದ್ದೆ. ಸೊಸೆಯ ಎದುರು ಅದನ್ನು ತೆಗೆಯಬಹುದೆಂದು ಹೊಳೆದೇ ಇರಲಿಲ್ಲ. ಮಗ್ಗ ಏರಿದರೆ ಅದೇ ಅಡ್ಡವಾಗಿ ಅಂಗಳದಿಂದ ನನಗೆ ಕಟಕಟೆಯ ತಳ ಕಾಣದು. ಅವಳಿಗೆ ಕಾಣುತ್ತದೆ. ನಾನು ತಲೆಯೆತ್ತಿ, ಹೆಬ್ಬೆರಳು ಮೇಲೆ ಮಾಡಿ, "ಅಪ್?" ಎಂದೆ.

ಅವಳು ಬಗ್ಗಿ ನೋಡಿದಳು.

"ಡೌನ್? ಇನ್? ಔಟ್?" ಕೈಯಲ್ಲೂ ತೋರಿಸಿದೆ.

ಅವಳ ಕಣ್ಣು ಅರಳಿತು. "ಅಪ್. ಡೌನ್. ಇನ್. ಔಟ್," ಎಂದು ಶಾಲೆಯ ಹುಡುಗಿಯಂತೆ ಒಪ್ಪಿಸಿದಳು. ಆಮೇಲೆ ಕಟಕಟೆಯ ಮೇಲಿಂದ ಅಂಗೈಯನ್ನು ಒಳಗಡೆಗೆ ಹಾಯಿಸಿ ತಾನೇ ಸೇರಿಸಿದಳು: "ಓವರ್!"

ನಾನು ಅವಳತ್ತ ಬೆರಳು ತೋರಿಸಿ, ಬಾಯಿ ಮುಟ್ಟಿಕೊಂಡೆ. ಅರ್ಥವಾಗಿ ಕೆಂಪಾದಳು. "ಎಲ್ರೂ ಕೇಳ್ರಪ್ಪಾ. ಇನ್ಮೇಲೆ ಬಾಯಿ ಅವಳೊಬ್ಬಳದೇ. ನಾನೂ ಮುಚ್ಕೊಂಡಿರ್ತೀನಿ," ಎಂದೆ.

"ನೀವು ತೆರೆದಿದ್ದು ಯಾವಾಗ?" ಎಂದಿತು ಮೇಲಿನಿಂದ ಅತ್ತೆಯ ದನಿ.

ಮೊದಲ "ಅಪ್" ಯಾರಿಗೂ ಕೇಳಿಸಲಿಲ್ಲ. ನಾನು ಕಿವಿಗೆ ಕೈ ಇಟ್ಟೆ.

"ಅಪ್!"

ಮೂವರೂ ಎಳೆದರು. "ಅಪ್! ಔಟ್, ಔಟ್!" ನಾನು ಹಿಂದಕ್ಕೆ ವಾಲಿ ಜಗ್ಗಿದೆ, ಮಗ್ಗ ಗೋಡೆ ಬಿಟ್ಟು ನಿಂತಿತು. "ಅಪ್, ಅಪ್, ಅಪ್!" ಈ ಹುಡುಗಿಗೆ ಇಂಥ ಕಂಠ ಇದೆಯೆಂದು ಯಾರಿಗೆ ಗೊತ್ತಿತ್ತು! ಕಟಕಟೆಯ ಮಟ್ಟಕ್ಕೆ ಬಂದು ಮಗ್ಗ ತಟ್ಟನೆ ನಿಂತುಬಿಟ್ಟಿತು. ಎಳೆದರೂ ಮಿಸುಕದು.

"ಡೌನ್!" ಎಂದಳು.

"ಡೌನಾ?" ಎಂದು ಮಗ ಹೌಹಾರಿದ. "ಜೀವ ಬಿಟ್ಟು ಎತ್ತಿದೀವಿ ಕಣೇ!"

ನನಗೂ ಹಾಗೇ ಅನ್ನಿಸಿತು. ಇನ್ನೊಂದು ಸಲ ಎಳೆದರೆ ಬಂದೀತು ಎಂದು ಕೈ ತುರಿಸುತ್ತಿತ್ತು. "ಅಪ್" ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ. ಬಾಯಿ ಅವಳದು.

"ಇಳಿಸ್ರೋ," ಎಂದೆ.

ಗೇಣಷ್ಟು ಇಳಿಸಿದರು. "ಔಟ್! ಔಟ್!" ಇದ್ದಬದ್ದ ಶಕ್ತಿಯೆಲ್ಲ ಹಾಕಿ ಜಗ್ಗಿದೆ. ಕಟಕಟೆಯ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಮಗ್ಗದ ಕಾಲು ಕಳಚಿ ಹೊರಬಂತು. ಎಳೆದಿದ್ದರೆ ಮುರಿದೇ ಹೋಗುತ್ತಿತ್ತು.

"ಅಪ್! ಓವರ್! ಇನ್, ಇನ್, ಇನ್, ಇನ್!"

ನಾನು ಹಗ್ಗ ಸಡಿಲಿಸುತ್ತ ಹೋದೆ. ಮಗ್ಗ ಕಟಕಟೆ ದಾಟಿ ತೊಟ್ಟಿಲಿನ ಹಾಗೆ ಒಳಗೆ ತೂಗಿತು. ಗಂಟು ಬಿಚ್ಚಿ ಎರಡೂ ಕೈ ಮೇಲೆತ್ತಿ ಅವಳು ಕೂಗಿದಳು: "ಆಫ್!" ಬೀದಿಯವರೆಲ್ಲ ಚಪ್ಪಾಳೆ ಹೊಡೆದರು. ಏಣಿ ತಲೆಯ ಗಾರೆ ಕೊಡವಿಕೊಂಡು ಕುಣಿದ.

ನಾನು ಏದುಸಿರು ಬಿಡುತ್ತ ಮಹಡಿ ಹತ್ತಿದರೆ ಹೆಂಡತಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. "ಮಾವನ್ನ ಅಂಗಳದಲ್ಲಿ ಬುಗುರಿ ಆಡಿಸಿದ ಹಾಗೆ ಆಡಿಸಿಬಿಟ್ಟಳಲ್ಲ! ಒಂದು ಬನ್ನಿ ಇಲ್ಲ, ಹೋಗಿ ಇಲ್ಲ."

"ಆ ಮಾತಲ್ಲಿ ನೀನು, ನೀವು ಎರಡೂ ಇಲ್ಲ ಕಣೇ. ಅದಕ್ಕೇ ಭಾರ ಎತ್ತೋಕೆ ಹಗುರ."

ಸೊಸೆಗೆ ಇನ್ನೂ ಸಮಾಧಾನವಿರಲಿಲ್ಲ. ಮಗ್ಗವನ್ನು ಕಿಟಕಿಯ ಬೆಳಕಿಗೆ ಕೂರಿಸಬೇಕಿತ್ತು. "ಬ್ಯಾಕ್," "ಅರೌಂಡ್," ಮತ್ತೆ "ಬ್ಯಾಕ್" ಎಂದು ನನ್ನನ್ನೂ ಮಗನನ್ನೂ ಕೋಣೆಯ ತುಂಬ ಓಡಾಡಿಸಿದಳು. ಕೊನೆಗೆ ನನ್ನ ಮಂಡಿಯ ಅವಸ್ಥೆ ನೋಡಿ ಸ್ಟೂಲು ಎಳೆದು, "ಸಿಟ್ ಡೌನ್," ಎಂದಳು. ಆ ಡೌನಿಗೆ ಹಗ್ಗ ಬೇಕಾಗಿರಲಿಲ್ಲ. ಕೂತೆ. ಅವಳೂ ಮಗ್ಗದ ಹಲಗೆಯ ಮೇಲೆ ಕೂತಳು.

ಕೇಳಲೋ ಬೇಡವೋ ಎಂದುಕೊಂಡು ಕೊನೆಗೆ ಕೇಳಿಯೇಬಿಟ್ಟೆ. ಕೆಳಗಿನ ವ್ಯಾನಿನ ಕಡೆ ತೋರಿಸಿ, "ಆಫ್?" ಎಂದೆ.

ಅವಳು ಇಲ್ಲವೆಂದು ಜೋರಾಗಿ ತಲೆಯಾಡಿಸಿದಳು. ಕೂತ ಹಲಗೆಯನ್ನು ಅಂಗೈಯಿಂದ ಬಡಿದು, "ಇನ್," ಎಂದಳು.

ಕೆಳಗೆ ಹಾರ್ನ್ ಆಯಿತು. "ಅಕ್ಕ ಬರ್ತಾರಾ, ಇಲ್ಲ ನಾನು ಹೊರಡ್ಲಾ?"

ಮಗ ಎದ್ದ. ಅವನನ್ನು ತಡೆದು ನಾನೇ ಕಟಕಟೆಗೆ ಹೋದೆ.

"ಹೊರಡಪ್ಪಾ, ಹೊರಡು!" ಎಂದು ಬೀದಿಯ ಕೊನೆಯವರೆಗೂ ಕೇಳುವಂತೆ ಕೂಗಿದೆ. "ಅವಳೆಲ್ಲಿ ಬರ್ತಾಳೆ? ಅವಳಿಗೆ ಮನೇಲಿ ಕೆಲಸ ಇದೆ!"