ಕೇವಲ

ವಿಶ್ವಾಸ್ ಎಸೆದ ಮೂರನೆಯ ಪ್ಲಾಸ್ಟಿಕ್ ತಟ್ಟೆಯೂ ಎಡಕ್ಕೇ ಹೊರಳಿತು. ಕಳ್ಳಿಬೇಲಿ ದಾಟಿ ಪೆರಿಯನಾಯಕಿಯ ಅಂಗಳಕ್ಕೆ ಬಿದ್ದಾಗ ಕೋಳಿಗಳು ಕೂಗುತ್ತ ಚೆದರಿದವು.

"ಏನ್ ಸಾಮಿ, ನಿನ್ ತಟ್ಟಕ್ಕೆ ನಮ್ ವಾಸಲ್ ಬಿಟ್ರೆ ಬೇರೆ ದಾರಿನೇ ಇಲ್ವಾ?" ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಪೆರಿಯನಾಯಕಿ ತಲೆ ಎತ್ತದೆ ಕೇಳಿದಳು. ಜೊತೆಗಿದ್ದ ಹೆಂಗಸರು ನಕ್ಕರು.

ವಿಶ್ವಾಸ್ ಗಡಿಯಾರ ನೋಡಿಕೊಂಡ. ಊಟದ ಬಿಡುವು ಮುಗಿಯುತ್ತ ಬಂದಿತ್ತು. ತಿರುಪ್ಪೂರಿನ ಬನಿಯನ್ ಕಂಪನಿಯೊಂದು ಅನ್ನೂರಿನ ಆಚೆ ಹೊಸದಾಗಿ ತೆರೆದ ಘಟಕದಲ್ಲಿ ಅವನು ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದ. ದಾವಣಗೆರೆಯಿಂದ ಬಂದವನಿಗೆ ಈ ಬೋಳು ಬಯಲು, ಇಲ್ಲಿನ ಕುಡಿಯುವ ನೀರು, ಟೌನ್ ಬಸ್ಸಿನ ನೂಕಾಟ ಯಾವುದೂ ಹಿಡಿಸಿರಲಿಲ್ಲ. ಶನಿವಾರ ಸ್ವೀಡನ್ನಿನ ಖರೀದಿದಾರ ಬರುವವನಿದ್ದ. ಅವನಿಗೆ ಬುಟ್ಟಿಗೆ ತಟ್ಟೆ ಎಸೆಯುವ ಡಿಸ್ಕ್ ಗಾಲ್ಫ್ ಆಟದ ಹುಚ್ಚು. ಹಿಂದಿನ ಸಲ ಬಂದಾಗ ಮೂರು ತಟ್ಟೆಗಳನ್ನು ಉಡುಗೊರೆ ಕೊಟ್ಟು, ಮುಂದಿನ ಸಲ ಜೊತೆಗೆ ಆಡಲು ಯಾರಾದರೂ ಬೇಕು ಎಂದು ನಗುತ್ತ ಹೇಳಿ ಹೋಗಿದ್ದ. ಮ್ಯಾನೇಜರ್ ಸರವಣಕುಮಾರ್ ಅದನ್ನು ನಗೆಮಾತು ಎಂದುಕೊಳ್ಳಲಿಲ್ಲ. "ನೀನು ಕಲಿ. ಅವನ ಜೊತೆ ಚೆನ್ನಾಗಿ ಆಡಿದರೆ ತಿರುಪ್ಪೂರು ಆಫೀಸಿನ ಕುರ್ಚಿ ನಿನ್ನದು. ಇಲ್ಲದಿದ್ದರೆ ಸ್ಟೋರ್ಸಿನ ನಿಶಾಂತ್ ಇದ್ದಾನೆ," ಎಂದಿದ್ದ. ಪೆರಿಯನಾಯಕಿಯ ಪಾಳು ಹೊಲವನ್ನು ಮಧ್ಯಾಹ್ನದ ಹೊತ್ತಿಗೆ ಕೇಳಿ ಕೊಡಿಸಿದವನೂ ಮ್ಯಾನೇಜರನೇ.

ಇಂಟರ್ನೆಟ್ ಸೆಂಟರಿನಲ್ಲಿ ತೆಗೆಸಿದ ಹಾಳೆ ವಿಶ್ವಾಸನ ಜೇಬಿನಲ್ಲಿತ್ತು. ಸಮಯ ಕಡಿಮೆ ಇರುವ ಹೊಸಬರು ದೂರ ಎಸೆಯುವ ಆಸೆ ಬಿಡಬೇಕು, ಬುಟ್ಟಿಯ ಹತ್ತಿರ ನಿಂತು ಒಂದೇ ತಟ್ಟೆಯನ್ನು ಒಂದೇ ಬಗೆಯಲ್ಲಿ ಕೈಯಿಂದ ಬಿಡುವುದನ್ನು ರೂಢಿ ಮಾಡಿಕೊಳ್ಳಬೇಕು ಎಂದು ಅದರಲ್ಲಿತ್ತು. ಅದಕ್ಕೆಂದೇ ಇದ್ದದ್ದು ದಪ್ಪ ಅಂಚಿನ ಕೆಂಪು ತಟ್ಟೆ. ಬುಟ್ಟಿಯ ಬದಲು ಸರಪಳಿ ಇಳಿಬಿಟ್ಟ ಬಣ್ಣದ ಖಾಲಿ ಡ್ರಮ್ಮೂ ಹೊಲದಲ್ಲಿತ್ತು. ಹತ್ತಿರದಿಂದ ಎಸೆಯುವುದು ಮಕ್ಕಳಾಟ ಎನಿಸಿತು ಅವನಿಗೆ. ದೂರ ಹೋದದ್ದನ್ನು ತಾನೇ ಜನ ನೋಡುವುದು? ಭುಜ ಸೋಲುವಷ್ಟು ಬೀಸಿ ಎಸೆದ. ಕೆಂಪು ತಟ್ಟೆಯನ್ನೂ ಹಾಗೇ ಎಸೆದ.

ಬೇಲಿಯ ಕಡೆ ನಡೆದಾಗ ಪೆರಿಯನಾಯಕಿ ಎದ್ದು ನಿಂತಳು. "ಇದು ಯಾರ್ಗಾದ್ರೂ ತಗುಲಿದ್ರೆ ಏನ್ ಮಾಡೋದು? ಯೋಚ್ನೆ ಮಾಡಿದ್ಯಾ?"

ತಲೆಮಾರುಗಳಿಂದ ತಮಿಳುನಾಡಿನಲ್ಲೇ ಇದ್ದು ಮನೆಯಲ್ಲಿ ಕನ್ನಡವಾಡುವವರು ಇವರು. ತನ್ನ ಊರಿನ ಮಾತು ಇವರಿಗೆ ತಿಳಿಯುವುದಿಲ್ಲ ಎಂದುಕೊಂಡು ಅವನು ಇವರ ಹತ್ತಿರ ಪುಸ್ತಕದ ಕನ್ನಡವನ್ನೇ ಆಡುತ್ತಿದ್ದ. ಅದನ್ನೂ ನಿಧಾನವಾಗಿ, ಕಿವುಡರಿಗೆ ಹೇಳುವಂತೆ.

"ಇಲ್ಲಿ ಯಾರಿದ್ದಾರೆ? ಇರುವುದು ಕೇವಲ ಹೆಂಗಸರು."

ಕಳೆ ಕೀಳುವ ಕೈಗಳು ನಿಂತವು. ಊಟಕ್ಕೆ ಮನೆಗೆ ಬಂದಿದ್ದ ಸೊಸೆ ಗೋಮತಿ ಹೊಸಿಲಲ್ಲೇ ನಿಂತಳು. ಅವಳು ಅವನ ಕೈಕೆಳಗೇ ಪ್ಯಾಕಿಂಗ್ ಮಾಡುವವಳು.

"ಏನಂದೆ? ಇನ್ನೊಂದ್ಸಾರಿ ಹೇಳು," ಎಂದಳು ಪೆರಿಯನಾಯಕಿ.

ಅವನು ಹೇಳಿದ. ಅವಳು ಅಂಗಳಕ್ಕೆ ಹೋಗಿ ಮೂರೂ ತಟ್ಟೆ ಎತ್ತಿಕೊಂಡು ಒಳಗೆ ನಡೆದಳು. ಹಿಂದೆ ಗೋಮತಿ ಬಾಗಿಲು ಹಾಕಿದಳು.

ಸಂಜೆಯೊಳಗೆ ಮಾತು ಮ್ಯಾನೇಜರನ ಕಿವಿ ಮುಟ್ಟಿತ್ತು. ಪ್ಯಾಕಿಂಗ್ ಮೇಜುಗಳಲ್ಲಿ ಯಾರೂ ವಿಶ್ವಾಸನ ಮುಖ ನೋಡಲಿಲ್ಲ. ಟೇಪು ಹರಿಯುವ ಸದ್ದಷ್ಟೇ ಜೋರಾಗಿತ್ತು.

"ಎನ್ನಪ್ಪಾ, ಪೊಂಬಳೈಂಗಳೆ ಕೇವಲಮಾ ಪೇಸಿನಿಯಾಮೆ?" ಸರವಣಕುಮಾರ್ ಕುರ್ಚಿ ಕೊಡಲಿಲ್ಲ. ಹೆಂಗಸರನ್ನು ಹೀನಾಯವಾಗಿ ಆಡಿದೆಯಂತಲ್ಲ ಎಂಬುದು ಅದರ ಅರ್ಥವೆಂದು ವಿಶ್ವಾಸನಿಗೆ ಆಗ ಹೊಳೆಯಿತು. ಈ ಕಡೆ ಕೇವಲ ಎಂದರೆ ಕೀಳು. ಅವನಿಗೆ ನಗು ಬಂತು. ಮ್ಯಾನೇಜರ್ ನಗಲಿಲ್ಲ. "ನಾಳೆಗೆ ತಟ್ಟೆ ನಿನ್ನ ಕೈಯಲ್ಲಿರಬೇಕು. ಇನ್ನು ಹೋಗು."

ಅವನು ಅಂಗಳಕ್ಕೆ ಬಂದಾಗ ಪೆರಿಯನಾಯಕಿ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಕೂತುಕೋ ಎನ್ನಲಿಲ್ಲ.

"ನಿಮಗೆ ತಪ್ಪು ತಿಳಿದಿದೆ," ಎಂದ ವಿಶ್ವಾಸ್. "ಅದು ತಮಿಳಿನ ಅರ್ಥ. ಕನ್ನಡದಲ್ಲಿ ಕೇವಲ ಅಂದ್ರೆ ಬರೀ ಅಂತ ಅಷ್ಟೇ."

"ನಾವಾಡೋದು ಕನ್ನಡ ಅಲ್ವಾ?"

"ಹಾಗಲ್ಲ. ಬರೀ ಅಂದ್ರೆ... ಬೇರೆ ಯಾರೂ ಇಲ್ಲ ಅಂತ."

"ಓ." ಅವಳು ಕೈಗಂಟಿದ ಹಿಂಡಿಯನ್ನು ಬಾನಿಯ ಅಂಚಿಗೆ ಒರೆಸಿದಳು. "ತಗುಲಿದ್ರೆ ಯಾರ್ಗೆ ತಗುಲ್ತದೆ ಅಂತ ನಾ ಕೇಳ್ದೆ. ಬರೀ ಹೆಂಗಸ್ರಿಗೆ ತಾನೇ ಅಂತ ನೀ ಹೇಳ್ದೆ. ಅಷ್ಟೇ ತಾನೇ?"

ವಿಶ್ವಾಸ್ ಜಗಲಿಯ ಕಡೆ ತಿರುಗಿದ.

"ಅತ್ತೆ, ನಾವು ತಿಳ್ಕೊಂಡಿದ್ದೇ ಸರಿ," ಒಳಗಿನಿಂದ ಗೋಮತಿ ಅಂದಳು.

"ನಂಗೆ ಕನ್ನಡ ಓದಕ್ಕೆ ಬರಾದಿಲ್ಲ ಸಾಮಿ. ಕಿವಿ ಕೇಳ್ತದೆ."

"ತಪ್ಪಾಯ್ತು," ಎಂದ ಅವನು ಅತ್ತಲೇ ನೋಡುತ್ತ. ಜಗಲಿಯ ಮೂಲೆಯಲ್ಲಿ ಒಂದರ ಮೇಲೊಂದು ಇಟ್ಟಿದ್ದ ತಟ್ಟೆಗಳು ಕಾಣುತ್ತಿದ್ದವು.

"ತಟ್ಟಕ್ಕೆ ಯಾಕೆ ಹೇಳ್ತೀಯೆ? ನನ್ ಮೊಗ ಇಲ್ಲಿ ಅದೆ."

ಅವನು ಅವಳ ಕಡೆ ತಿರುಗಿದ. ಆದರೆ ಇನ್ನೊಮ್ಮೆ ಹೇಳಲಿಲ್ಲ. ಗಂಟಲವರೆಗೆ ಬಂದದ್ದು ಬೈಗುಳವೇ. ಅವಳು ಕಾದು ನೋಡಿ, ಎರಡು ತಟ್ಟೆಗಳನ್ನು ತಂದು ಅವನ ಕಾಲ ಬಳಿ ಹಾಕಿದಳು.

"ಆ ಕೆಂಪಂದು? ಅದೇ ಮುಖ್ಯ."

"ಮುಖ್ಯಾನಾ? ಅದ್ನೂ ನಮ್ ಕೋಳಿ ಮೇಲೇ ಎಸ್ದ್ಯಲ್ಲ," ಎಂದಳು ಅವಳು. "ಕೋಳಿಗೆ ನೀರಿಡಕ್ಕೆ ಸರಿಯಾಗಿ ಅದೆ. ಇರ್ಲಿ."

ಮರುದಿನ ಪಾಳು ಹೊಲದ ದಾರಿಗೆ ಅಡ್ಡಲಾಗಿ ಜಾಲಿಮುಳ್ಳು ಬಿದ್ದಿತ್ತು, ಡ್ರಮ್ಮನ್ನು ಅದರ ಈಚೆ ಉರುಳಿಸಿದ್ದರು.

ಶನಿವಾರ ಅತಿಥಿಗೃಹದ ಹಿಂದಿನ ಬಯಲಿನಲ್ಲಿ ವಿಶ್ವಾಸನ ಮೊದಲ ಎಸೆತ ಉದ್ದಕ್ಕೆ ಹೋಯಿತು. ಸ್ವೀಡನ್ನಿನವನು ಚಪ್ಪಾಳೆ ತಟ್ಟಿದ. ತಾನೇ ತಂದು ನಿಲ್ಲಿಸಿದ್ದ ಬುಟ್ಟಿಯ ಹತ್ತಿರ ಬಂದಾಗ ಕೆಂಪು ತಟ್ಟೆ ಎಲ್ಲಿ ಎಂದು ಕೇಳಿದ. ಕಳೆದುಹೋಯಿತು ಎಂದ ವಿಶ್ವಾಸ್. ತೆಳು ಅಂಚಿನ ತಟ್ಟೆ ಸರಪಳಿಗೂ ತಾಗದೆ ಹಾದುಹೋಯಿತು. ತಂದು ಮತ್ತೆ ಎಸೆದ. ಮತ್ತೆ ಹಾದುಹೋಯಿತು. ಖರೀದಿದಾರ ಮೊದಮೊದಲು ಹೇಳಿಕೊಟ್ಟ, ಕೊನೆಗೆ ಬಿಸಿಲು ಹೆಚ್ಚಾಯಿತು ಎಂದು ನೆರಳಿಗೆ ಹೋದ. ಅಲ್ಲಿ ನಿಶಾಂತ್ ಎಳನೀರು ಕೆತ್ತಿಸಿ ಇಟ್ಟುಕೊಂಡು ನಿಂತಿದ್ದ. ತಿರುಪ್ಪೂರಿಗೆ ಹೊರಟ ಕಾರಿನ ಮುಂದಿನ ಸೀಟಿನಲ್ಲಿ ಕೂತವನೂ ಅವನೇ. ಸರವಣಕುಮಾರ್ ಕಿಟಕಿಯ ಗಾಜು ಇಳಿಸಲಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ವಿಶ್ವಾಸ್ ಡ್ರಮ್ಮನ್ನು ಕಾರ್ಖಾನೆಯ ಗೋಡೆಗೂ ಕಳ್ಳಿಬೇಲಿಗೂ ನಡುವಿನ ಓಣಿಗೆ ಉರುಳಿಸಿಕೊಂಡು ಬಂದ. ದೂರ ಎಸೆಯಲು ಅಲ್ಲಿ ಜಾಗವಿರಲಿಲ್ಲ. ಹತ್ತಿರ ನಿಂತು ಎಸೆದ. ಸರಪಳಿ ಝಲ್ಲೆಂದಿತು, ತಟ್ಟೆ ಆಚೆ ಬಿತ್ತು. ಎತ್ತಿಕೊಂಡು ಬಂದು ಅಲ್ಲೇ ನಿಂತು ಎಸೆದ. ಮತ್ತೆ ಝಲ್ಲೆಂದಿತು.

ಬೇಲಿಯಾಚೆಯ ಹೆಂಗಸರು ಈ ಸಲ ನಗಲಿಲ್ಲ, ತಿರುಗಿಯೂ ನೋಡಲಿಲ್ಲ. ಅಂಗಳದಲ್ಲಿ ಕೆಂಪು ತಟ್ಟೆ ಅಂಗಾತವಾಗಿ ಬಿದ್ದಿತ್ತು. ಸದ್ದಿಗೆ ಬೆಚ್ಚಿದ ಕೋಳಿಯೊಂದು ಹಿಂದೆ ಸರಿದು, ಸ್ವಲ್ಪ ಹೊತ್ತು ಕಾದು, ಮತ್ತೆ ಅದರ ಅಂಚಿಗೆ ಬಂದು ಕೊಕ್ಕು ಅದ್ದಿ ಕತ್ತು ಮೇಲೆತ್ತಿತು.