ಎರಡು ಮುದ್ದೆಯ ಕೋಲು

ನಾನು ಒಂದು ಮುದ್ದೆ ಕೋಲು. ಹುಟ್ಟಿದ್ದು ಮದ್ದೂರು ಸೀಮೆಯ ಒಂದು ಕೆರೆ ಏರಿಯ ಮೇಲೆ, ಹುಣಸೆ ಮರದ ಕೊಂಬೆಯಾಗಿ. ಗಾಳಿಗೆ ಮುರಿದು ಬಿದ್ದ ನನ್ನನ್ನು ಹೊಂಬಾಳಮ್ಮ ಮನೆಗೆ ತಂದಳು. ಅವಳ ಗಂಡ ಮಚ್ಚಿನಲ್ಲಿ ಸವರಿ, ಗಾಜಿನ ಚೂರಿನಲ್ಲಿ ಹೆರೆದು ನುಣುಪು ಮಾಡಿದ. ಕುದಿಯುವ ರಾಗಿ ಹಿಟ್ಟಿಗೆ ಮೊದಲ ಸಲ ಇಳಿದಾಗ ಸತ್ತೇ ಹೋದೆ ಅಂದುಕೊಂಡೆ. ಸಾಯಲಿಲ್ಲ, ಗಟ್ಟಿಯಾದೆ.

ಆಗ ಆ ಮನೆಗೆ ಹೊತ್ತಿಗೆ ಐದು ಮುದ್ದೆ. ಎಲ್ಲರೂ ಕೂರುವ ತನಕ ಯಾರೂ ಮುದ್ದೆ ಮುರಿಯಕೂಡದು, ಅದು ಹೊಂಬಾಳಮ್ಮನ ಕಟ್ಟಳೆ. ಆರಿದ ಮುದ್ದೆ ಯಾರಿಗೆ ಬೇಕು? ಹೊಲದಲ್ಲಿದ್ದವರೂ ಓಡೋಡಿ ಬರುತ್ತಿದ್ದರು. ಹೊಸ ಸೊಸೆ ಶಿವನಂಜಿ ಒಂದು ದಿನ ಹಸಿವು ತಡೆಯದೆ ಮುದ್ದೆಯ ಅಂಚು ಚಿವುಟಿದಳು. ಅತ್ತೆ ನನ್ನನ್ನು ಎತ್ತಿ ತೋರಿಸಿ, "ಮೊದ್ಲು ಇದ್ರ ರುಚಿ ನೋಡ್ತೀಯೇನಮ್ಮಿ?" ಅಂದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಶಿವನಂಜಿಯೇ.

ಮಾವ ತೀರಿಕೊಂಡ. ನಾದಿನಿ ಮದುವೆಯಾಗಿ ಹೋದಳು. ಕಡೆಗೆ ಹೊಂಬಾಳಮ್ಮನೂ ಹೋದಳು. ನಾನು ಶಿವನಂಜಿಯ ಕೈಗೆ ಬಂದೆ. ಉಳಿದದ್ದು ಎರಡೇ ಮುದ್ದೆ.

ಆ ಎರಡೂ ಒಟ್ಟಿಗೆ ತಟ್ಟೆಗೆ ಬೀಳಲಿಲ್ಲ. ಶಿವನಂಜಿ ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ವ್ಯಾನ್ ಹತ್ತಿದರೆ ಓಟಿಯ ಹೆಚ್ಚುವರಿ ದುಡಿಮೆಯನ್ನೂ ಮುಗಿಸಿ ಮನೆ ಸೇರುವುದು ರಾತ್ರಿ ಎಂಟಕ್ಕೆ. ಗಂಡ ಮರಿಸ್ವಾಮಿ ಹೆದ್ದಾರಿ ಬದಿಯ ಗೋದಾಮಿನ ಕಾವಲುಗಾರ. ಅವನು ಸಂಜೆ ಆರಕ್ಕೆ ಹೋಗಿ ಬೆಳಿಗ್ಗೆ ಎಂಟಕ್ಕೆ ಬರುತ್ತಿದ್ದ. ಅವಳು ಮುಂಜಾನೆಯೇ ಎರಡು ಮುದ್ದೆ ಕಟ್ಟಿ ಹಾಟ್ ಬಾಕ್ಸಿನಲ್ಲಿ ಇಡುತ್ತಿದ್ದಳು. ಅವನು ಒಂದನ್ನು ಉಂಡು ಒಂದನ್ನು ಅವಳಿಗೆ ಬಿಡುತ್ತಿದ್ದ.

ರಾತ್ರಿ ಅವಳು ಅದರ ಮುಂದೆ ಕೂರುತ್ತಿದ್ದಳು. ಬಾಗಿಲು ನೋಡುತ್ತಿದ್ದಳು. ಅವನು ಕೂರದೆ ಮುರಿಯಲು ಕೈ ಏಳುತ್ತಿರಲಿಲ್ಲ. ಆಮೇಲೆ ಅದನ್ನು ಪಕ್ಕದ ಮನೆ ಸಾಕಮ್ಮನ ಹಸುವಿಗೆ ಹಾಕಿ ಬಂದು ತಟ್ಟೆ ತೊಳೆದಿಡುತ್ತಿದ್ದಳು. ಬೆಳಿಗ್ಗೆ ಮರಿಸ್ವಾಮಿ ತೊಳೆದ ತಟ್ಟೆ ನೋಡಿ, "ಸದ್ಯ, ಉಂಡವ್ಳೆ" ಅಂದುಕೊಂಡು ಮಲಗುತ್ತಿದ್ದ.

ಅವಳು ಉಂಡಿಲ್ಲ ಎಂದು ನಾನು ಹೇಗೆ ಕೂಗಲಿ? ಗೋಡೆಯ ಮೊಳೆಗೆ ನೇತಾಡುವ ಕಟ್ಟಿಗೆ ನಾನು. ಆದರೆ ಅವಳ ಕೈ ನನಗೆ ಗೊತ್ತು. ಮೊದಲು ಹಿಟ್ಟು ಮೂರು ಸುತ್ತಿಗೆ ಗಂಟಿಲ್ಲದಂತೆ ಕೂಡುತ್ತಿತ್ತು. ಈಗ ಹತ್ತು ಸುತ್ತು, ನಡುವೆ ಎರಡು ಸಲ ಉಸಿರು. ಹಿಡಿತ ದಿನೇ ದಿನೇ ಸಡಿಲವಾಗುತ್ತಿತ್ತು. ಪ್ರತಿ ಮುಂಜಾನೆ ಇವತ್ತೇ ಬಿಟ್ಟುಬಿಡುತ್ತಾಳೇನೋ ಎಂದು ಹೆದರುತ್ತಿದ್ದೆ.

ಒಂದು ದಿನ ಬಿಟ್ಟೇಬಿಟ್ಟಳು. ಪಾತ್ರೆ ಉರುಳಿತು, ಅಂಬಲಿಯಂತಹ ಹಿಟ್ಟು ನೆಲದ ತುಂಬ ಹರಿಯಿತು. ಶಿವನಂಜಿ ಗೋಡೆಗೊರಗಿ ಕುಸಿದಳು. ಅಂದು ಬದಲಿ ಕಾವಲುಗಾರ ಬೇಗ ಬಂದಿದ್ದರಿಂದ ಮರಿಸ್ವಾಮಿ ಆಗಲೇ ಸೈಕಲ್ ಇಳಿಯುತ್ತಿದ್ದ. ಸದ್ದಿಗೆ ಸಾಕಮ್ಮನೂ ಓಡಿ ಬಂದು ಅವಳ ಮುಖಕ್ಕೆ ನೀರು ಚಿಮುಕಿಸಿದಳು.

"ನಿಮ್ಮನೆ ಮುದ್ದೆ ತಿಂದು ನಮ್ ಹಸ ದಪ್ಪಾಯ್ತು ಕಣ್ಲಾ ಮರಿಸ್ವಾಮಿ, ನಿನ್ನೆಡ್ತಿ ಕಡ್ಡಿಯಾದ್ಲು. ಕಣ್ಣು ಎಲ್ಲಿಟ್ಟಿದ್ದೆ?"

ಅವನು ಉರುಳಿದ ಪಾತ್ರೆ ಎತ್ತಿ ತೊಳೆದ. ನೀರಿಟ್ಟ, ಹಿಟ್ಟು ಹಾಕಿದ, ನನ್ನನ್ನು ಹಿಡಿದ. ಒಲೆಯ ಮುಂದೆ ಗಂಡಸಿನ ಕೈ ನನಗದು ಮೊದಲು. ಬಾವಿಯಲ್ಲಿ ಬಿದ್ದ ಕೊಡ ಹುಡುಕುವವನಂತೆ ಜಾಲಾಡಿದ. ನನ್ನ ತುದಿ ಸೀಳಿತು. ಕಟ್ಟಿದ್ದನ್ನು ಎರಡು ತಟ್ಟೆಗೆ ಹಾಕಿ ಅವಳೆದುರು ಕೂತ.

"ಇದೇನು, ಮುದ್ದೆನಾ ಗೋಲಿ ಮೂಟೆನಾ?" ಶಿವನಂಜಿಯ ದನಿ ಕ್ಷೀಣವಾಗಿತ್ತು.

"ಸುಮ್ಕೆ ನುಂಗು."

ಹೊರಗೆ ವ್ಯಾನ್ ಹಾರ್ನ್ ಹೊಡೆಯಿತು. ಅವಳು ಏಳಲು ಹೋದಳು.

"ಕೂತ್ಕೊ. ನಾನೂ ಕೂತಿವ್ನಿ. ಇನ್ಯಾರು ಬರಬೇಕು?"

ಅವಳು ಮುದ್ದೆ ಮುರಿದಳು. ವ್ಯಾನ್ ಹೊರಟುಹೋಯಿತು.

ಈಗ ನನಗೆ ವಯಸ್ಸಾಗಿದೆ. ಸೀಳಿದ ತುದಿಗೆ ತಂತಿ ಸುತ್ತಿದ್ದಾರೆ. ಬದಲಿಯವನು ಹೊತ್ತಿಗೆ ಮುಂಚೆ ಬಂದ ದಿನ ಮಾತ್ರ ಬೇಗ ಹೊರಡಬಹುದು ಎಂದು ಗೋದಾಮಿನವರು ಮರಿಸ್ವಾಮಿಗೆ ಹೇಳಿದ್ದಾರೆ. ವ್ಯಾನ್ ಮಾತ್ರ ಯಾರಿಗೂ ಕಾಯುವುದಿಲ್ಲ. ಶಿವನಂಜಿ ದಿನಾ ಮುಂಜಾನೆ ಎರಡು ತಟ್ಟೆ ಹಾಕಿ ಕೂರುತ್ತಾಳೆ. ಕೆಲವು ದಿನ ಸೈಕಲ್ ಬೆಲ್ಲು ಮೊದಲು ಕೇಳುತ್ತದೆ, ಕೆಲವು ದಿನ ಹಾರ್ನು.

ಇವತ್ತಿನ ಮುದ್ದೆ ಕಟ್ಟಿ ಆಗಿದೆ, ಇನ್ನೂ ಹಬೆಯಾಡುತ್ತಿದೆ. ನಾನು ಮೊಳೆಗೆ ನೇತಾಡುತ್ತ ರಸ್ತೆಯ ಕಡೆ ಕಿವಿ ಕೊಟ್ಟಿದ್ದೇನೆ.